ಸೊಂಟಮಟ್ಟ ಗುಂಡಿ

ಉರಿಗಾಂ
೧೨ ಜೂನ್ ೧೯೫೯

ಅಕ್ಕ ಕದಿರಮ್ಮನಿಗೆ ತಮ್ಮ ಆಂಜನಪ್ಪನ ನಮಸ್ಕಾರ. ಇಲ್ಲಿ ನಾನೂ ಸರಸ್ವತಮ್ಮನೂ ಚೆನ್ನಾಗಿದ್ದೇವೆ. ಬೂದಿಕೋಟೆಯಲ್ಲಿ ನೀನು, ಭಾವ, ಹಸು ಕರು ಎಲ್ಲ ಹೇಗಿದ್ದೀರಿ ಬರೆ.

ಮೂರು ತಿಂಗಳಿಂದ ಕಾಗದ ಇಲ್ಲವೆಂದು ಬೈದುಕೊಂಡಿರುತ್ತೀ. ಕೆಲಸ ಜಾಸ್ತಿ ಇತ್ತು, ಬೇರೆ ಏನಿಲ್ಲ. ಈಗ ಗಣಿ ಕಂಪನಿಯವರು ನಮಗೆ ಬೇರೆ ಮನೆ ಕೊಟ್ಟಿದ್ದಾರೆ. ಅದೇ ಲೈನು, ಆದರೆ ಸಾಲಿನ ಕೊನೆ ಮನೆ. ನಾನು ಕೇಳಿರಲಿಲ್ಲ, ಅವರೇ ಕರೆದು ಕೊಟ್ಟರು. ಕೊನೆ ಮನೆಯಾದ್ದರಿಂದ ಗೋಡೆಯ ಪಕ್ಕದಲ್ಲಿ ಒಂದಿಷ್ಟು ಜಾಗ ನಮ್ಮ ಪಾಲಿಗೆ ಬಂದಿದೆ.

ಜಾಗ ಎಂದರೆ ನಗುತ್ತೀ. ದರ್ಜಿ ಅಂಗಿ ಕತ್ತರಿಸಿ ಬಿಸಾಕಿದ ಚೂರಿನ ಹಾಗಿದೆ. ಗೋಡೆಯ ಕಡೆ ಹನ್ನೆರಡು ಮೊಳ, ಬೀದಿಯ ಕಡೆ ನಾಲ್ಕು, ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಒಂದು ಮೂಲೆಗೆ ಬಂದು ಮುಗಿಯುತ್ತದೆ. ಒಂದು ಪಕ್ಕಕ್ಕೆ ಚರಂಡಿ. ನೆಲವೆಲ್ಲ ಚರಂಡಿಯ ಕಡೆಗೆ ಇಳಿಜಾರು. ಕೊಳಾಯಿಯಿಂದ ಹರಿದ ನೀರು ಇದ್ದಬದ್ದ ಮಣ್ಣನ್ನೂ ಎಳೆದುಕೊಂಡು ಹೋಗುತ್ತದೆ. ಮೇಲೆ ಗೇಣುದ್ದ ಮಣ್ಣು, ಕೆಳಗೆ ಬರೀ ಇಟ್ಟಿಗೆ ಚೂರು, ಜಲ್ಲಿ. ಸರಸ್ವತಮ್ಮ ಕನಕಾಂಬರ ಹಾಕೋಣ ಎನ್ನುತ್ತಾಳೆ. ನನಗೆ ಹಸಿರು ಏನಾದರೂ ಸಾಕು. ಪಾಳಿ ಮುಗಿಸಿ ಮೇಲೆ ಬಂದಾಗ ಕಣ್ಣಿಗೆ ಬೂದಿ ಬಣ್ಣ ಬಿಟ್ಟು ಇನ್ನೊಂದು ಬಣ್ಣ ಕಾಣಬೇಕು, ಅಷ್ಟೇ.

ಮಣ್ಣು ಬಲ್ಲವಳು ನೀನು. ಏನು ಮಾಡಲಿ ಹೇಳು. ಬಂದು ನೋಡೆಂದು ಕರೆಯುವುದಿಲ್ಲ. ಆರು ವರ್ಷದಿಂದ ಕರೆದು ಸಾಕಾಗಿದೆ.

ನಿನ್ನ ತಮ್ಮ
ಆಂಜನಪ್ಪ

*

ಬೂದಿಕೋಟೆ
೨೦ ಜೂನ್ ೧೯೫೯
(ಕಾರ್ಡು)

ಚಿರಂಜೀವಿ ಆಂಜನಪ್ಪನಿಗೆ ಅಕ್ಕನ ಆಶೀರ್ವಾದ. ನಾವು ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದಿದ್ದರೆ ನಿನಗೆ ಗೊತ್ತಾಗುತ್ತಲೂ ಇರಲಿಲ್ಲ. ಮೂರು ತಿಂಗಳು ಒಂದು ಗೆರೆ ಇಲ್ಲ, ಈಗ ಹಿತ್ತಲು ಸಿಕ್ಕಿತೆಂದು ಅಕ್ಕ ನೆನಪಾದಳು.

ನಿನ್ನ ಹೆಂಡತಿಯ ಕನಕಾಂಬರ ಗಿನಕಾಂಬರ ಆಮೇಲೆ. ಮೊದಲು ಅಗೆ. ಸೊಂಟಮಟ್ಟ ಅಗೆ. ಜಲ್ಲಿ ಇಟ್ಟಿಗೆ ಎಲ್ಲ ಕಿತ್ತು ಹೊರಗೆ ಹಾಕು. ಭಾವನ ಗಾಡಿಯಲ್ಲಿ ಕೆರೆಗೋಡು ಮಣ್ಣು ಕಳಿಸುತ್ತೇನೆ, ಗುಂಡಿಗೆ ತುಂಬು. ಮೇಲೆ ಚಪ್ಪರ ಹಾಕಿ ಅವರೆ ಹಬ್ಬಿಸು. ಮಾರ್ಗಶಿರದ ಹೊತ್ತಿಗೆ ನಿನ್ನ ಲೈನಿಗೆಲ್ಲ ಸೊಗಡು ಬಡಿಯಬೇಕು. ಅಗೆಯದೆ ಮೇಲೆ ಮೇಲೆ ಕೆರೆದು ಬೀಜ ಹಾಕಿದರೆ ಒಂದು ಕಾಯಿಯೂ ಬಿಡುವುದಿಲ್ಲ. ಅಗೆದು ಮುಗಿಸಿದ ಮೇಲೆ ಬರೆ, ಆಗ ಗಾಡಿ ಕಳಿಸುತ್ತೇನೆ.

ನಾನು ಬರುವುದಿಲ್ಲ, ಅದು ನಿನಗೆ ಗೊತ್ತಿದೆ. ನೀನು ಯಾವ ನೆಲದ ಅಡಿಯಲ್ಲಿ ಇರುತ್ತೀಯೋ ಆ ನೆಲದ ಮೇಲೆ ನಾನು ಕಾಲಿಡುವುದಿಲ್ಲ. ಅಪ್ಪನ ಹೊಲ ಇಲ್ಲಿ ಇರುವಾಗ ನೀನು ಭೂಮಿಯೊಳಕ್ಕೆ ಹೋದೆ. ಹೋದವನು ಅಗೆಯುವುದನ್ನಾದರೂ ಕಲಿತಿರುತ್ತೀ. ಅಗೆ.

ಕದಿರಮ್ಮ

*

ಉರಿಗಾಂ
೫ ಜುಲೈ ೧೯೫೯

ಅಕ್ಕನಿಗೆ ನಮಸ್ಕಾರ.

ಅಗೆ, ಅಗೆ, ಅಗೆ. ಒಂದು ಅಂಗೈಯಗಲದ ಕಾರ್ಡಿನಲ್ಲಿ ಎಷ್ಟು ಸಲ! ಅಂಚೆಯವನು ಕೊಳಾಯಿಯ ಹತ್ತಿರ ನಿಂತು ಅದನ್ನು ಎಲ್ಲರಿಗೂ ಓದಿ ಹೇಳಿದ್ದಾನೆ. ನಾನು ಪಾಳಿಯಿಂದ ಬರುವಾಗ ಬಿಂದಿಗೆ ಹಿಡಿದು ನಿಂತ ಹೆಂಗಸರೆಲ್ಲ "ಏನ್ ಆಂಜ್ನಪ್ಪ, ಅಗ್ದಾಯ್ತಾ?" ಎಂದು ಕೇಳುತ್ತಾರೆ. ಪಕ್ಕದ ಮನೆ ಮಾರಿಯಮ್ಮನಂತೂ ತನ್ನ ಗುದ್ದಲಿಯನ್ನೇ ತಂದು ನಮ್ಮ ಬಾಗಿಲಿಗೆ ಒರಗಿಸಿ ಹೋದಳು. ಅವಳಿಗೆ ಆ ಜಾಗದ ಮೇಲೆ ಮೊದಲಿಂದ ಕಣ್ಣು. ಅವಳ ಕುಂಬಳದ ಬಳ್ಳಿ ಆಗಲೇ ಚರಂಡಿ ದಾಟಿ ಇತ್ತ ಕಡೆ ಕಾಲು ಚಾಚಿದೆ. ಇನ್ನು ಮೇಲೆ ದಯವಿಟ್ಟು ಕವರಿನಲ್ಲಿ ಬರೆ.

ಎರಡನೆಯ ಮಾತು. ನಾನು ಅಗೆಯುವುದಿಲ್ಲ. ಸೊಂಟಮಟ್ಟವೂ ಇಲ್ಲ, ಮೊಣಕಾಲುಮಟ್ಟವೂ ಇಲ್ಲ. ಎಂಟು ಗಂಟೆ ಕೆಳಗೆ ಬಂಡೆ ಕುಸಿಯದ ಹಾಗೆ ಮರದ ಊರೆ ಕೊಟ್ಟು ಬಂದವನು ಮನೆಯ ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿ ಅದರಲ್ಲೂ ಇಳಿಯಬೇಕೇ? ಇದನ್ನು ಮತ್ತೆ ಬರೆಯಬೇಡ. ಎಡ ಭುಜ ಬೇರೆ ಉಳುಕಿದೆ, ಅದು ಏನೂ ಇಲ್ಲ, ಸರಿಹೋಗುತ್ತದೆ.

ನನ್ನ ಯೋಚನೆ ಹೀಗಿದೆ. ಇರುವ ಮಣ್ಣಿನ ಮೇಲೇ ಇನ್ನಷ್ಟು ಮಣ್ಣು ಏರಿಸುತ್ತೇನೆ. ಚರಂಡಿಯ ಅಂಚಿಗೆ ಕಲ್ಲು ಕಟ್ಟಿದರೆ ಮಣ್ಣು ನಿಲ್ಲುತ್ತದೆ. ಮೂಲೆಯಲ್ಲಿ ಕೂತುಕೊಳ್ಳಲು ಒಂದು ಚಪ್ಪಡಿ. ಅಂಚಿಗೆ ಇಡುವ ಕಲ್ಲು ಸಿಕ್ಕರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಆಂಜನಪ್ಪ

*

ಬೂದಿಕೋಟೆ
೧೫ ಜುಲೈ ೧೯೫೯
(ಕಾರ್ಡು)

ಆಂಜನಪ್ಪನಿಗೆ ಆಶೀರ್ವಾದ.

ಕವರಿನಲ್ಲಿ ಬರೆಯಬೇಕಂತೆ! ನಮ್ಮ ವಂಶದಲ್ಲಿ ಗೋಂದು ಹಚ್ಚಿ ಮುಚ್ಚಿಡುವಂಥದ್ದು ಏನು ನಡೆದಿದೆ? ಅಂಚೆಯವನು ಓದಿದರೆ ಓದಲಿ. ನನ್ನ ತಮ್ಮ ಶುದ್ಧ ಸೋಮಾರಿ ಎಂದು ಲೈನಿಗೆಲ್ಲ ತಿಳಿಯಲಿ. ಈ ಕಾರ್ಡನ್ನೂ ಓದು ಮಹಾರಾಯ, ಗಟ್ಟಿಯಾಗಿ ಓದು.

ಭುಜ ಉಳುಕಿದೆಯಂತೆ. ಚಿಕ್ಕವನಿದ್ದಾಗ ಸಗಣಿ ಬಾಚಲು ಕರೆದರೆ ಹೊಟ್ಟೆನೋವು ಬರುತ್ತಿತ್ತು, ಈಗ ಭುಜಕ್ಕೆ ಏರಿದೆ. ಕಂಪನಿಯವನು ಹೇಳಿದರೆ ಪಾತಾಳಕ್ಕೆ ಇಳಿಯುತ್ತೀ, ಅಕ್ಕ ಹೇಳಿದರೆ ಮೊಣಕಾಲುಮಟ್ಟವೂ ಇಲ್ಲ. ಆಗಲಿ. ಇಟ್ಟಿಗೆ ಚೂರಿನ ಮೇಲೆ ಮಣ್ಣು ಸುರಿದು ಏನು ಬೆಳೆಯುತ್ತೀಯೋ ಬೆಳೆ.

ಕಲ್ಲು ನಾನು ಕಳಿಸುತ್ತೇನೆ. ಬೇರೆಯವರ ಹತ್ತಿರ ಬೇಡಬೇಡ.

ಕದಿರಮ್ಮ

*

ಬೂದಿಕೋಟೆ
೩೦ ಜುಲೈ ೧೯೫೯
(ಕಾರ್ಡು)

ಚಿರಂಜೀವಿ ಆಂಜನಪ್ಪನಿಗೆ ಆಶೀರ್ವಾದ.

ಭಾವ ನಿನ್ನೆ ಗಾಡಿ ಕಟ್ಟಿಕೊಂಡು ಹೊರಟಿದ್ದಾರೆ. ನಿಜವಾಗಿ ಸೋಮವಾರವೇ ಹೊರಟಿದ್ದರು. ಬಂಗಾರಪೇಟೆ ತಲುಪಿದ ಮೇಲೆ ಚಕ್ರದ ಪಟ್ಟಿ ಸಡಿಲವಾಯಿತೆಂದು ವಾಪಸ್ಸು ಬಂದರು. ಸರಿಮಾಡಿಸಿ ಮತ್ತೆ ಕಳಿಸಿದ್ದೇನೆ.

ನಾಲ್ಕು ಚೀಲ ಕಲ್ಲು ಇದೆ. ಅಪ್ಪ ಮೇಲಿನ ಹೊಲದ ಬದುವಿಗೆ ಇಟ್ಟಿದ್ದ ಬಿಳಿ ಕಲ್ಲು. ಹೊಳಪಿರುವವು ಚೀಲದ ಅಡಿಯಲ್ಲಿವೆ. ಅವನ್ನು ಬೀದಿಯ ಕಡೆಗೆ ಇಡು, ಚೆನ್ನಾಗಿ ಕಾಣುತ್ತವೆ. ಅರ್ಧ ಮಣ್ಣಿನಲ್ಲಿ ಹೂತು ಅರ್ಧ ಹೊರಗೆ ಬಿಡು, ಅಪ್ಪ ಇಡುತ್ತಿದ್ದ ಹಾಗೆ.

ಭುಜಕ್ಕೆ ಹರಳೆಣ್ಣೆ ಬಿಸಿ ಮಾಡಿ ಹಚ್ಚು. ಅಗೆಯಬೇಡ.

ಕದಿರಮ್ಮ

*

ಬೂದಿಕೋಟೆ
೨೦ ಆಗಸ್ಟ್ ೧೯೫೯
(ಕಾರ್ಡು)

ಆಂಜನಪ್ಪನಿಗೆ.

ಕಲ್ಲು ತಲುಪಿತೋ ಇಲ್ಲವೋ ಒಂದು ಗೆರೆ ಬರೆಯಲು ಕೈ ಬರಲಿಲ್ಲವೇ? ಇಪ್ಪತ್ತು ದಿನವಾಯಿತು. ನಿನ್ನ ಭಾವ ಇಳಿಸಿ ಬಂದೆ ಎನ್ನುವುದು ಬಿಟ್ಟು ಬೇರೆ ಮಾತಾಡುವುದಿಲ್ಲ. ಊರಿನ ಕಲ್ಲು ನಿನಗೆ ನಾಚಿಕೆಯಾಯಿತೇ? ಸಾಹೇಬರ ಬಂಗಲೆಯ ಮುಂದೆ ಇರುವ ಹಾಗೆ ಸುಣ್ಣ ಹೊಡೆದ ಇಟ್ಟಿಗೆ ಬೇಕಾಗಿತ್ತೇ? ಅಪ್ಪ ಬಗ್ಗಿ ಬಗ್ಗಿ ಆರಿಸಿದ ಕಲ್ಲು ಅವು. ಬೇಡವಾದರೆ ಚರಂಡಿಗೆ ಎಸೆಯಬೇಡ, ವಾಪಸ್ಸು ಕಳಿಸು.

ಏನಾಗಿದೆ ಅಲ್ಲಿ? ಏನಾದರೂ ಆಗಿದ್ದರೆ ಬರೆ.

ಕದಿರಮ್ಮ

*

ಉರಿಗಾಂ
೨ ಸೆಪ್ಟೆಂಬರ್ ೧೯೫೯

ಅಕ್ಕ,

ಏನಾಗಿದೆ ಎಂದು ಕೇಳಿದ್ದೀ. ಕೇಳು.

ಆಗಸ್ಟ್ ಒಂಬತ್ತನೆಯ ತಾರೀಖು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಗಣಿಯ ಕಾವಲಿನವರು ಆರು ಜನ ಬಂದರು. ಸರಸ್ವತಮ್ಮ ರಾಗಿ ಹಿಟ್ಟು ತೊಳಸುತ್ತಿದ್ದಳು. ಅವಳನ್ನು ಹೊರಗೆ ನಿಲ್ಲಿಸಿ ಮನೆಯೊಳಗಿನ ಮಡಕೆ, ಪೆಟ್ಟಿಗೆ, ಹಾಸಿಗೆ ಎಲ್ಲ ಬಗೆದರು. ಆಮೇಲೆ ಹಿತ್ತಲಿಗೆ ಬಂದರು. ನೀನು ಕಳಿಸಿದ ಬಿಳಿ ಕಲ್ಲನ್ನು ಒಂದೊಂದಾಗಿ ಕಿತ್ತು ಚೀಲಕ್ಕೆ ತುಂಬಿಕೊಂಡರು. ಕೆಳಗೆ ಇನ್ನೂ ಹೂತಿದ್ದೇನೋ ಎಂದು ನೆಲ ಅಗೆದರು. ಬೀದಿಯ ಕಡೆಯಿಂದ ಮೂಲೆಯ ತನಕ ಅಗೆದರು. ಇಡೀ ಲೈನು ಬಂದು ನಿಂತು ನೋಡಿತು. ನನ್ನನ್ನು ನಡುವೆ ನಿಲ್ಲಿಸಿಕೊಂಡು ಬೀದಿಯುದ್ದಕ್ಕೂ ನಡೆಸಿಕೊಂಡು ಹೋದರು.

ನಿನಗೆ ಗೊತ್ತಿಲ್ಲ, ಅದಕ್ಕೆ ಹೇಳುತ್ತೇನೆ. ಇಲ್ಲಿ ಬಂಗಾರ ಸಿಗುವುದೇ ಬಿಳಿ ಕಲ್ಲಿನಲ್ಲಿ. ಕೆಳಗಿನಿಂದ ಕದ್ದು ತಂದವರು ಹಿತ್ತಲಿನಲ್ಲಿ ಹೂಳುತ್ತಾರೆ. ಈ ಊರಿನಲ್ಲಿ ಗಣಿ ಕೆಲಸದವನ ಮನೆಯಲ್ಲಿ ಮುಷ್ಟಿಯಷ್ಟು ಬಿಳಿ ಕಲ್ಲು ಸಿಕ್ಕರೂ ಅವನ ಕಥೆ ಮುಗಿಯಿತು. ನೀನು ನಾಲ್ಕು ಚೀಲ ಕಳಿಸಿದೆ! ಅದೂ ಎತ್ತಿನ ಹುಲ್ಲಿನ ಅಡಿಯಲ್ಲಿ! ಭಾವ ಬಂದದ್ದು ನಾನು ಪಾಳಿಯಲ್ಲಿದ್ದಾಗ. ಇಳಿಸಿ, ಒಂದು ಲೋಟ ನೀರೂ ಕುಡಿಯದೆ ಎತ್ತು ತಿರುಗಿಸಿಕೊಂಡು ಹೋದರಂತೆ. ಹೊಸದಾಗಿ ಮದುವೆಯಾಗಿ ಬಂದ ಸರಸ್ವತಮ್ಮನಿಗೆ ಇಲ್ಲಿಯ ರೀತಿ ಗೊತ್ತಿಲ್ಲ. ಪಾಪ, ಸಂಜೆಯೊಳಗೆ ಅಷ್ಟನ್ನೂ ಸಾಲಾಗಿ ಇಟ್ಟು, ನೀರು ಹಾಕಿ ತೊಳೆದು ಮಿರಿಮಿರಿ ಮಾಡಿದ್ದಳು.

ಅದರ ಮೇಲೆ ನಿನ್ನ ಕಾರ್ಡು. "ಹೊಳಪಿರುವವು ಚೀಲದ ಅಡಿಯಲ್ಲಿವೆ. ಅರ್ಧ ಮಣ್ಣಿನಲ್ಲಿ ಹೂತು." ಕವರಿನಲ್ಲಿ ಬರೆ ಎಂದು ಎಷ್ಟು ಕೇಳಿಕೊಂಡೆ! ಅಂಚೆಯವನು ಓದಿದ, ಕೊಳಾಯಿಯವರು ಕೇಳಿದರು. ಆ ಕಾರ್ಡು ಈಗ ಕಾವಲಿನ ಸಾಹೇಬರ ಮೇಜಿನ ಮೇಲಿದೆ.

ಚಾಡಿ ಹೇಳಿದ್ದು ಮಾರಿಯಮ್ಮ. ನನಗೆ ಅನುಮಾನವೇ ಇಲ್ಲ. ಅವರು ಬರುವುದಕ್ಕೆ ಮೊದಲೇ ಒಂದು ದಿನ ಚರಂಡಿಯ ಆಚೆ ನಿಂತು ಸರಸ್ವತಮ್ಮನಿಗೆ "ಈ ಕಲ್ಲು ಇಲ್ಲಿ ಆಗಲ್ಲ ಕಣಮ್ಮ, ಎತ್ಬಿಡು" ಎಂದಿದ್ದಳು. ಬಿಡಿಸಿಕೊಂಡು ಮನೆಗೆ ಬಂದ ದಿನ ನಾನು ಮಾಡಿದ ಮೊದಲ ಕೆಲಸ, ಅವಳ ಕುಂಬಳದ ಬಳ್ಳಿಯನ್ನು ಬುಡಸಮೇತ ಕಿತ್ತು ಚರಂಡಿಗೆ ಹಾಕಿದ್ದು. ಹೂವು, ಪಿಂದೆ ಎಲ್ಲ ಇತ್ತು. ಅವಳು ಬಾಗಿಲಲ್ಲಿ ನಿಂತು ನೋಡಿದಳು, ಬಾಯಿ ಬಿಡಲಿಲ್ಲ. ತಪ್ಪು ಮಾಡದವಳಾದರೆ ಸುಮ್ಮನಿರುತ್ತಿದ್ದಳೇ?

ನನ್ನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ವಿಚಾರಣೆ ಮುಗಿಯುವ ತನಕ ಕೆಳಗೆ ಇಳಿಯುವ ಹಾಗಿಲ್ಲ. ತೀರ್ಪು ತಿರುಗಿದರೆ ಕೆಲಸವೂ ಇಲ್ಲ, ಮನೆಯೂ ಇಲ್ಲ, ಕಳ್ಳನೆಂಬ ಹೆಸರು ಮಾತ್ರ. ಇಷ್ಟೆಲ್ಲ ನಿನ್ನ ಕಲ್ಲಿನಿಂದ, ನಿನ್ನ ಕಾರ್ಡಿನಿಂದ. ನನಗೆ ಇನ್ನು ಏನನ್ನೂ ಕಳಿಸಬೇಡ.

ಆಂಜನಪ್ಪ

*

ಬೂದಿಕೋಟೆ
೮ ಸೆಪ್ಟೆಂಬರ್ ೧೯೫೯
(ಕಾರ್ಡು)

ಆಂಜನಪ್ಪನಿಗೆ.

ನನ್ನ ತಮ್ಮನನ್ನು ಕಳ್ಳ ಅಂದವರ ನಾಲಿಗೆ ಸೇದಿಹೋಗಲಿ. ಇದನ್ನು ಕಾರ್ಡಿನಲ್ಲೇ ಬರೆಯುತ್ತೇನೆ, ಆ ಸಾಹೇಬರೂ ಓದಲಿ. ಸ್ವಾಮಿ, ಅವು ಬೂದಿಕೋಟೆಯ ಹೊಲದ ಕಲ್ಲು. ನಮ್ಮಪ್ಪ ನಲವತ್ತು ವರ್ಷ ನೇಗಿಲಿಗೆ ಸಿಕ್ಕಿದ್ದನ್ನು ಆರಿಸಿ ಬದುವಿಗೆ ಇಟ್ಟ ಕಲ್ಲು. ಒಂದೊಂದರ ಮೇಲೂ ಗುಳ ತಾಗಿದ ಗೆರೆ ಇದೆ, ಕಣ್ಣಿದ್ದರೆ ನೋಡಿ. ಬೇಕಾದರೆ ಬಂದು ಬದು ನೋಡಿ, ಕಿತ್ತ ಜಾಗ ಇನ್ನೂ ಹಾಗೇ ಬಾಯಿ ಬಿಟ್ಟುಕೊಂಡಿದೆ. ನಮ್ಮ ಕಲ್ಲು ನಮಗೆ ಕೊಡಿ.

ನಿನಗೆ ಒಂದು ಮಾತು. ಹೆಂಗಸಿನ ಕುಂಬಳದ ಬಳ್ಳಿ ಕಿತ್ತೆಯಲ್ಲ, ಯಾರು ನಿನಗೆ ಅದನ್ನು ಕಲಿಸಿದ್ದು? ಪಿಂದೆ ಬಿಟ್ಟ ಬಳ್ಳಿ ಕೀಳುವುದನ್ನು ನಾನು ಕಲಿಸಲಿಲ್ಲ.

ಕೆಲಸ ಹೋದರೆ ಹೋಗಲಿ. ಮೇಲಿನ ಹೊಲ ಉತ್ತು ಇಟ್ಟಿದೆ. ಹಿಂದಿನ ಕೋಣೆಗೆ ಸಗಣಿ ಸಾರಿಸಿದ್ದೇನೆ. ಸರಸ್ವತಮ್ಮನನ್ನು ಕರೆದುಕೊಂಡು ಬಾ.

ಕದಿರಮ್ಮ

*

ಉರಿಗಾಂ
೧೮ ಅಕ್ಟೋಬರ್ ೧೯೫೯

ಅಕ್ಕನಿಗೆ,

ಬರುವುದಿಲ್ಲ. ಕೆಲಸ ಉಳಿಯಿತು. ಹೋದ ಸೋಮವಾರದಿಂದ ಮತ್ತೆ ಕೆಳಗೆ ಇಳಿಯುತ್ತಿದ್ದೇನೆ. ನೀನು ಸಾರಿಸಿದ ಕೋಣೆಗೆ ಬೇರೆ ಏನಾದರೂ ತುಂಬು.

ಉಳಿದದ್ದು ಹೇಗೆಂದು ಬರೆಯಲೇಬೇಕು, ಇಷ್ಟವಿಲ್ಲದಿದ್ದರೂ. ವಿಚಾರಣೆಯ ದಿನ ಮಾರಿಯಮ್ಮ ಯಾರೂ ಕರೆಯದೆ ತಾನೇ ಬಂದಳು. ಕಾವಲಿನ ಸಾಹೇಬರ ಎದುರಿಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, "ಸಾಮಿ, ನಾನೇ ಕಣ್ಣಾರೆ ನೋಡ್ದೆ. ಮಧ್ಯಾನ ಎತ್ತಿನ್ ಗಾಡಿ ಬಂತು, ಊರಿಂದ. ಎಲ್ರ ಮುಂದೇನೇ ಇಳ್ಸಿದ್ರು. ಆ ಯಮ್ಮಂಗೆ ಗೊತ್ತಿಲ್ಲ, ಚಿಕ್ಕುಡುಗಿ, ಕೋಲಂ ರಂಗೋಲಿ ಆಕ್ದಂಗೆ ಸಾಲಾಗಿಕ್ಕಿದ್ಳು. ಕದ್ದೋರು ಬೀದಿ ಕಡೀಕ್ ಇಕ್ತಾರಾ?" ಎಂದಳು. ಕಲ್ಲು ಎತ್ತಿಬಿಡು ಎಂದು ಅವಳು ಹೇಳಿದ್ದು ನಮ್ಮ ಒಳ್ಳೆಯದಕ್ಕೇ. ನಾನು ಅವಳ ಬಳ್ಳಿ ಕಿತ್ತಿದ್ದೆ. ಅದನ್ನು ಅವಳು ಅಲ್ಲಿ ಬಾಯಿಗೆ ತರಲಿಲ್ಲ. ನಾನು ಇನ್ನೂ ಅವಳ ಮುಖ ನೋಡಿ ಮಾತಾಡಿಲ್ಲ. ಚಾಡಿ ಹೇಳಿದ್ದು ಯಾರೋ ಇವತ್ತಿಗೂ ಗೊತ್ತಿಲ್ಲ.

ಎರಡನೆಯದು ನಿನ್ನ ಕಾರ್ಡು. ನಾನು ಅಷ್ಟು ಬೈದ ಕಾರ್ಡು. ಸಾಹೇಬರು ಅದನ್ನು ತಿರುಗಿಸಿ ಬೂದಿಕೋಟೆಯ ಅಂಚೆ ಮುದ್ರೆ ನೋಡಿದರು, ತಾರೀಖು ನೋಡಿದರು, ಗುಮಾಸ್ತರ ಕೈಲಿ ಇನ್ನೊಂದು ಸಲ ಓದಿಸಿದರು. "ಕಳ್ಳರು ಕಾರ್ಡಿನಲ್ಲಿ ಬರೆಯುವುದಿಲ್ಲ" ಎಂದರು. ಅಷ್ಟೇ. ಸೆಪ್ಟೆಂಬರಿನ ಕಾರ್ಡನ್ನೂ ನಾನೇ ಕೊಟ್ಟಿದ್ದೆ. ನಾಲಿಗೆ ಸೇದಿಹೋಗಲಿ ಎಂಬ ಕಡೆ ಗುಮಾಸ್ತರು ಓದುವುದನ್ನು ನಿಲ್ಲಿಸಿದರು.

ಕಲ್ಲು ವಾಪಸ್ಸು ಬರುವುದಿಲ್ಲ. ಕೇಳಬೇಡ. ಒಂದೊಂದನ್ನೂ ಸುತ್ತಿಗೆಯಿಂದ ಒಡೆದು, ಕುಟ್ಟಿ ಪುಡಿ ಮಾಡಿ ಪರೀಕ್ಷೆ ಮಾಡಿದ್ದಾರೆ. ಒಳಗೆ ಇದ್ದದ್ದು ಕಾಗೆಬಂಗಾರ.

ಈಗ ನಾನು ಬರೆಯಬೇಕಾದದ್ದು. ಎಲ್ಲರ ಮೇಲೂ ಕೂಗಾಡಿ ಆಯಿತು, ನಿನ್ನ ಮೇಲೆ, ಮಾರಿಯಮ್ಮನ ಮೇಲೆ, ಆ ಅಂಚೆಯವನ ಮೇಲೆ. ಸರಸ್ವತಮ್ಮನ ಮೇಲಂತೂ ದಿನಾ. ಅವಳೇ ಕೊನೆಗೆ ಕೇಳಿದಳು, "ನಂಗ್ ಗೊತ್ತಿರ್ಲಿಲ್ಲ ಸರಿ, ನಿಮ್ಗೆ ಗೊತ್ತಿತ್ತಲ್ಲ?" ನನಗೆ ಗೊತ್ತಿತ್ತು ಅಕ್ಕ. ಆ ಗುರುವಾರ ಸಂಜೆ ಪಾಳಿಯಿಂದ ಬಂದು ಬೀದಿಯ ತಿರುವಿನಲ್ಲಿ ನಿಂತಾಗಲೇ ಗೊತ್ತಾಯಿತು. ಒಂದೇ ಗಂಟೆಯ ಕೆಲಸ, ಎಲ್ಲ ಕಿತ್ತು ಕೆರೆಯ ಕಡೆ ಸುರಿದು ಬರಬಹುದಿತ್ತು. ಆದರೆ ಅಪ್ಪನ ಬದು ನನ್ನ ಬಾಗಿಲಿಗೆ ಬಂದು ನಿಂತಿತ್ತು. ಮೊದಲನೆಯ ಕಲ್ಲಿಗೇ ಕೈ ಹಾಕಿದೆ, ಗುಳದ ಗೆರೆ ಬೆರಳಿಗೆ ಸಿಕ್ಕಿತು. ನಾಳೆ ಕೀಳೋಣ ಎಂದುಕೊಂಡೆ. ಹತ್ತು ದಿನ ನಾಳೆ ನಾಳೆ ಎಂದೆ. ದಿನಾ ಸಂಜೆ ಅಲ್ಲೇ ಕೂತು ಕಾಫಿ ಕುಡಿದೆ. ನನ್ನ ಮೇಲೆ ನನಗೆ ಬಂದಿರುವ ಸಿಟ್ಟು ಯಾರ ಮೇಲೂ ಬಂದಿಲ್ಲ.

ಒಂದು ವಿಷಯ ಮಾತ್ರ ಅರ್ಥವಾಗುತ್ತಿಲ್ಲ. ಜುಲೈ ಮೂವತ್ತರ ನಿನ್ನ ಕಾರ್ಡಿನಲ್ಲಿ ಒಂದು ಬೈಗುಳವೂ ಇಲ್ಲ. ಅಗೆಯಬೇಡ ಎಂದು ಬರೆದಿದ್ದೀ. ಆಮೇಲೆ ನಾನು ಕೆಲಸ ಹೋಗಬಹುದು ಎಂದು ಬರೆದರೆ ಆರೇ ದಿನದಲ್ಲಿ ಕೋಣೆ ಸಾರಿಸಿ, ಹೊಲ ಉತ್ತು ಇಟ್ಟಿದೆ ಎಂದೆ. ಅಷ್ಟು ಬೇಗ ಹೇಗೆ?

ಅವರು ತೋಡಿದ ಗುಂಡಿ ಹಾಗೇ ಇದೆ. ಮುಚ್ಚಲು ನನ್ನಿಂದ ಆಗುವುದಿಲ್ಲ. ಯಾಕೆಂದು ಕೇಳಬೇಡ.

ಆಂಜನಪ್ಪ

*

ಬೂದಿಕೋಟೆ
೩೦ ಅಕ್ಟೋಬರ್ ೧೯೫೯

ಆಂಜನಪ್ಪನಿಗೆ,

ಇದನ್ನು ಕವರಿನಲ್ಲಿ ಹಾಕುತ್ತಿದ್ದೇನೆ. ಅಂಚೆಮನೆಯಲ್ಲಿ ಕವರು ಕೇಳಿದಾಗ ಮಾಸ್ತರರು ನನ್ನ ಮುಖ ನೋಡಿದರು.

ಯಾಕೆಂದು ಕೇಳಬೇಡ ಅಂದಿದ್ದೀ. ಕೇಳುವುದಿಲ್ಲ, ನನಗೆ ಗೊತ್ತು. ಜುಲೈ ತಿಂಗಳ ಕೊನೆಯಲ್ಲಿ ಬಂಗಾರಪೇಟೆ ಸಂತೆಗೆ ಬೆಣ್ಣೆ ತೆಗೆದುಕೊಂಡು ಹೋಗಿದ್ದೆ. ನಿಮ್ಮ ಲೈನಿನ ನರಸಮ್ಮ ಸಿಕ್ಕಳು. "ನಿಮ್ ತಮ್ಮ ಬದುಕಿದ್ದೇ ಎಚ್ಚು ಕಣಕ್ಕ, ನಾಕ್ ಗಂಟೆ ಬಂಡೆ ಅಡೀಲಿದ್ದ" ಎಂದಳು. ಎಷ್ಟು ಆರಾಮವಾಗಿ ಹೇಳಿದಳು! ನನಗೆ ಗೊತ್ತಿದೆ ಎಂದುಕೊಂಡಿದ್ದಳು. ಮಾರ್ಚ್ ತಿಂಗಳಲ್ಲಿ ಗಣಿಯೊಳಗೆ ಬಂಡೆ ಕುಸಿದು ದಾರಿ ಮುಚ್ಚಿಕೊಂಡಿತಂತೆ. ನಿನ್ನ ಜೊತೆಯವರಿಬ್ಬರು ಹೊರಗೆ ಬರಲಿಲ್ಲವಂತೆ. ನೀನು ಸೊಂಟದ ತನಕ ಕಲ್ಲುಮಣ್ಣಿನಲ್ಲಿ ಹೂತುಹೋಗಿ, ಎಡಗೈಯಿಂದ ಒಂದು ಮರಕ್ಕೆ ಜೋತುಬಿದ್ದಿದ್ದೆಯಂತೆ. ಕೆಲಸ ಜಾಸ್ತಿ ಇತ್ತು ಎಂದು ಬರೆದೆಯಲ್ಲ! ಭುಜ ಉಳುಕಿದೆ ಎಂದೆಯಲ್ಲ! ಸೊಂಟಮಟ್ಟ ಅಗೆ, ಸೊಂಟಮಟ್ಟ ಅಗೆ ಎಂದು ನಾನು ಬರೆಯುತ್ತಾ ಇದ್ದೆ, ನೀನು ಓದುತ್ತಾ ಇದ್ದೆ. ಸೋಮಾರಿ ಎಂದೆ. ಅದನ್ನೂ ಓದಿದೆ. ಒಂದು ಮಾತು ಬರೆಯಲಿಲ್ಲ. ಬೆಣ್ಣೆ ಅಲ್ಲೇ ಬಿಟ್ಟು ಊರಿನ ಬಸ್ಸು ಹತ್ತಿದೆ. ಅವತ್ತು ನಿನ್ನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ನನ್ನದು ಕೇಳು. ಗಾಡಿಯ ಚಕ್ರಕ್ಕೆ ಏನೂ ಆಗಿರಲಿಲ್ಲ. ಸೋಮವಾರ ನಿನ್ನ ಭಾವ ಬಂಗಾರಪೇಟೆಯಲ್ಲಿ ಎತ್ತಿಗೆ ನೀರು ಕುಡಿಸುವಾಗ ಯಾರೋ ಚೀಲ ಮುಟ್ಟಿ ನೋಡಿ, ಬಿಳಿ ಕಲ್ಲು ಗಣಿಯ ಕಡೆ ಒಯ್ಯಬೇಡ, ಕಲ್ಲು ಸಿಕ್ಕ ಮನೆಯವರ ಕೆಲಸ ಹೋಗುತ್ತದೆ ಎಂದರಂತೆ. ಅವರು ಗಾಡಿ ತಿರುಗಿಸಿಕೊಂಡು ಬಂದು ನನಗೆ ಹೇಳಿದರು. 'ಇಲ್ಲೇ ಇಳ್ಸಿಬಿಡ್ತೀನಿ ಕಣೆ' ಎಂದರು. ನಾನು ಬೇಡ ಎಂದೆ. ಒಂದು ದಿನವೆಲ್ಲ ಯೋಚನೆ ಮಾಡಿ ಬೇಡ ಎಂದೆ. ಬುಧವಾರ ನಾನೇ ಎತ್ತು ಕಟ್ಟಿ ಕಳಿಸಿದೆ. ಹುಲ್ಲು ಹೊದಿಸಿದ್ದೂ ನಾನೇ. ಇಳಿಸಿದ ಮೇಲೆ ನಿಲ್ಲಬೇಡಿ, ಅವನ ಮುಖ ನೋಡಿದರೆ ಹೇಳಿಬಿಡುತ್ತೀರಿ ಎಂದಿದ್ದೆ.

ಕೆಲಸ ಹೋಗಲಿ ಎಂದೇ ಕಳಿಸಿದೆ ಆಂಜನಪ್ಪ. ಕೆಲಸ ಹೋದರೆ ನೀನು ಮೇಲೆ ಬರುತ್ತೀ ಎಂದು. ಆರು ವರ್ಷ ಬೈದೆ, ಬರಲಿಲ್ಲ. ಬೇಡಿಕೊಂಡೆ, ಬರಲಿಲ್ಲ. ಅದಕ್ಕೇ ನಿನ್ನ ಕಾಗದ ಬರುವ ಮೊದಲೇ ಹೊಲ ಉಳುಮೆ ಮಾಡಿಸಿದ್ದೆ, ಕೋಣೆ ಸಾರಿಸಿದ್ದೆ. ಆರು ಜನ ನಿನ್ನನ್ನು ಬೀದಿಯಲ್ಲಿ ನಡೆಸಿಕೊಂಡು ಹೋಗುತ್ತಾರೆ ಎಂದು, ಕಳ್ಳ ಎನ್ನುತ್ತಾರೆ ಎಂದು ನನಗೆ ಹೊಳೆಯಲಿಲ್ಲ. ಕಳ್ಳ ಅಂದವರ ನಾಲಿಗೆ ಸೇದಿಹೋಗಲಿ ಎಂದು ನಾನು ಶಪಿಸಿದೆನಲ್ಲ, ಆ ಶಾಪಕ್ಕೆ ನಾನೇ ತಕ್ಕವಳು. ಅಪ್ಪನ ಕಲ್ಲನ್ನು ಕುಟ್ಟಿ ಪುಡಿ ಮಾಡಿಸಿದ್ದೂ ನಾನೇ.

ನಿನಗೆ ಗೊತ್ತಿತ್ತು ಎಂದು ಬರೆದು ನಿನ್ನನ್ನು ನೀನು ಬೈದುಕೊಂಡಿದ್ದೀ. ಬೈದುಕೊಳ್ಳಬೇಡ. ಬೈಗುಳವೆಲ್ಲ ಈ ಕಡೆಗೆ ಬರೆ. ಓದುತ್ತೇನೆ.

ಕದಿರಮ್ಮ

*

ಉರಿಗಾಂ
೯ ಜುಲೈ ೧೯೬೦
(ಕಾರ್ಡು)

ಅಕ್ಕನಿಗೆ,

ನಿನ್ನ ಕವರು ತಲುಪಿ ಎಂಟು ತಿಂಗಳಾಯಿತು. ಸಂಕ್ರಾಂತಿಗೆ, ಯುಗಾದಿಗೆ ಭಾವ ಬರೆದ ಎರಡು ಕಾಗದವೂ ತಲುಪಿದವು. ಬೇಕೆಂದೇ ಉತ್ತರ ಬರೆಯಲಿಲ್ಲ. ಸಿಟ್ಟು ಹೋಯಿತೆಂದು ತಿಳಿಯಬೇಡ, ಹೋಗಿಲ್ಲ.

ಕಾರ್ಡಿನಲ್ಲೇ ಬರೆಯುತ್ತಿದ್ದೇನೆ, ಅಂಚೆಯವನು ಓದಲಿ. ಹೌದು, ನಾಲ್ಕು ಗಂಟೆ. ಸೊಂಟದ ತನಕ. ಅವತ್ತಿನಿಂದ ಗುಂಡಿ ಕಂಡರೆ ಸುತ್ತು ಬಳಸಿ ನಡೆಯುತ್ತೇನೆ. ಆದರೂ ದಿನಾ ಕೇಜಿನಲ್ಲಿ ನಿಂತು ಗಣಿಗೆ ಇಳಿಯುತ್ತೇನೆ, ಅದು ನನ್ನ ಕೆಲಸ. ಇಳಿಯಬೇಕೋ ಬಿಡಬೇಕೋ ಅದನ್ನು ನಾನು ನೋಡಿಕೊಳ್ಳುತ್ತೇನೆ, ನೀನಲ್ಲ.

ಮಾರಿಯಮ್ಮನಿಗೆ ಕುಂಬಳದ ಬೀಜ ಕೊಟ್ಟು ತಪ್ಪಾಯಿತು ಎಂದೆ. "ಬೀಜ ನೀನೇ ನೆಡು" ಎಂದಳು. ನೆಟ್ಟೆ. ಬಳ್ಳಿ ಚರಂಡಿ ದಾಟಿ ನಮ್ಮ ಕಡೆ ಬಂದಿದೆ, ಬರಲಿ.

ಅವರೆ ಬಿತ್ತುವ ಹೊತ್ತು ಬಂತು. ಗುಂಡಿ ಹೋದ ವರ್ಷ ತೋಡಿದ ಹಾಗೇ ಇದೆ, ಸೊಂಟಮಟ್ಟ, ನೀನು ಹೇಳಿದಷ್ಟೇ. ಕೆರೆಗೋಡು, ಬೀಜ ತೆಗೆದುಕೊಂಡು ಗಾಡಿಯಲ್ಲಿ ನೀನೇ ಬಾ. ಕಲ್ಲು ತರಬೇಡ. ಈ ನೆಲದ ಮೇಲೆ ಕಾಲಿಡುವುದಿಲ್ಲ ಎಂದಿದ್ದೀಯಲ್ಲ, ಮೇಲೆ ಇಡಬೇಡ, ಒಳಗೇ ಇಳಿ. ಇಳಿದು ಜಲ್ಲಿ ಆರಿಸು, ಗೋಡು ತುಂಬು. ನಾನು ಅಂಚಿನಲ್ಲಿ ನಿಂತಿರುತ್ತೇನೆ. ಒಡಹುಟ್ಟಿದವರು ಕೆಳಗಿರುವಾಗ ಮೇಲೆ ನಿಂತು ಕಾಯುವುದು ಹೇಗಿರುತ್ತದೆಂದು ನಾನೂ ಒಂದು ಸಲ ನೋಡುತ್ತೇನೆ.

ಆಂಜನಪ್ಪ